ನಲ್ಲಿ ನಿಂತ ಮೇಲೆ ಪೈಪಿನೊಳಗೆ ಏನಾಗುತ್ತದೆ?

ನೀರುಗಂಟಿ ವಾಲ್ ತಿರುಗಿಸಿದಾಗ ನಲ್ಲಿಯಲ್ಲಿ ಮೊದಲು ಬರುವುದು ನೀರಲ್ಲ, ಗಾಳಿ. ಬುಸ್ ಬುಸ್ ಎಂದು ಸದ್ದು. ಆಮೇಲೆ ಒಂದಿಷ್ಟು ಕೆಂಪು ನೀರು, ಆಮೇಲೆ ತಿಳಿನೀರು. ಹಳ್ಳಿಯಲ್ಲಿ ಬೆಳೆದವರಿಗೆ ಈ ಸದ್ದು ಗೊತ್ತು ಅಲ್ವಾ? ಆ ಗಾಳಿ ಪೈಪಿನೊಳಗೆ ಹೋದದ್ದು ಎಲ್ಲಿಂದ? ಒಂದಿಷ್ಟು ನಲ್ಲಿಯ ಬಾಯಿಂದ, ಇನ್ನೊಂದಿಷ್ಟು ಒಡಕುಗಳಿಂದ. ಗಾಳಿ ನುಗ್ಗುವ ಒಡಕಿನಲ್ಲಿ ಚರಂಡಿ ನೀರೂ ನುಗ್ಗುತ್ತದೆ.

ಎಳನೀರು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ಎಷ್ಟು ಎಳೆದರೂ ಗಾಳಿಯೇ ಬರುತ್ತದೆ. ಪೈಪಿನಲ್ಲೂ ಹಾಗೆಯೇ. ನೀರು ರಭಸವಾಗಿ ಬರುವಾಗ ಒಡಕಿನಿಂದ ಹೊರಕ್ಕೆ ಸೋರುತ್ತದೆ, ಕೊಳೆ ಒಳಗೆ ಬರಲಾರದು. ವಾಲ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ಕಡೆ ಇಳಿಯುತ್ತದೆ. ಅದರ ಹಿಂದೆ ಪೈಪಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಸೋರುತ್ತಿದ್ದ ಒಡಕು ಈಗ ಹೀರತೊಡಗುತ್ತದೆ. ಯಾರಾದರೂ ನಲ್ಲಿಗೆ ಮೋಟರ್ ಹಾಕಿದರೆ ಎಳೆತ ಇನ್ನೂ ಜಾಸ್ತಿ. ನೀರು ಮೇಲೇರುವುದಿಲ್ಲವೆಂದು ಗುಂಡಿ ತೋಡಿ ನಲ್ಲಿ ಇಳಿಸಿಕೊಂಡ ಮನೆಗಳಲ್ಲಿ ಗುಂಡಿಯ ಬಚ್ಚಲು ನೀರೇ ಪೈಪಿಗೆ ವಾಪಸ್ ಹೋಗಬಹುದು. ಬೋರ್‌ವೆಲ್‌ನಲ್ಲಿ ಚೆನ್ನಾಗಿದ್ದ ನೀರು ಬೀದಿಗೆ ಬರುವಷ್ಟರಲ್ಲಿ ಕೆಡುವುದು ಹೀಗೆ.

2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ ವಾಂತಿ ಭೇದಿಯಿಂದ ಜೀವಗಳೇ ಹೋದವು. ಕುಡಿಯುವ ನೀರಿನ ಮೇಲೇ ಅನುಮಾನ ಬಂತು. ಆ ಸುದ್ದಿ ಓದಿದ ದಿನ ನಮ್ಮ ಮನೆಯ ಮುಂದಿನ ಪೈಪು ಚರಂಡಿಯನ್ನು ಎಲ್ಲಿ ದಾಟುತ್ತದೆ ಎಂದು ಹೋಗಿ ನೋಡಿದೆ. ಚರಂಡಿಯ ಒಳಗೇ ಹಾದು ಹೋಗಿತ್ತು.

ಈ ಕೊಳೆಯ ವಿರುದ್ಧ ಊರಿನ ಕೈಲಿರುವ ಅಗ್ಗದ ಆಯುಧ ಬ್ಲೀಚಿಂಗ್ ಪೌಡರ್. ತಾಜಾ ಪುಡಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಸಿಗಬೇಕಾದರೆ 150 ಗ್ರಾಂ ಪುಡಿ ಸಾಕು. ಆದರೆ ಚೀಲ ಬಿಚ್ಚಿಟ್ಟು, ತೇವ, ಬಿಸಿಲು ತಾಗಿದರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಅದನ್ನು ಸುಮ್ನೆ ಟ್ಯಾಂಕಿಗೆ ಸುರಿದರೆ ಏನೂ ಪ್ರಯೋಜನವಿಲ್ಲ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ವಾಲ್ ತಿರುಗಿಸಬೇಕು. ನೀರು ಕಲಕಾಗಿದ್ದರೆ ಕ್ಲೋರಿನ್ ಆ ಕೊಳೆಯ ಮೇಲೇ ಖರ್ಚಾಗುತ್ತದೆ, ಆಗ 150 ಗ್ರಾಂ ಸಾಲದು.

ದಾರಿಯಲ್ಲಿ ಸೇರುವ ರೋಗಾಣುಗಳಿಗೂ ಒಂದಿಷ್ಟು ಕ್ಲೋರಿನ್ ಉಳಿದಿರಬೇಕು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಪರೀಕ್ಷೆ ಸುಲಭ. ಕಿಟ್‌ನ ಕೆಲವು ಹನಿ ಹಾಕಿದರೆ ಕ್ಲೋರಿನ್ ಇದ್ದ ನೀರು ಹಳದಿಯಾಗುತ್ತದೆ. ಈ ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ಮುಗಿಸುವುದು ತಪ್ಪು. ಅಲ್ಲಿ ಹಳದಿ ಬರುವುದು ದೊಡ್ಡ ವಿಷಯವಲ್ಲ. ಪೈಪ್‌ಲೈನಿನ ಕೊನೆಯ ಮನೆಗೆ ಹೋಗಿ, ಅವರ ನಲ್ಲಿಯ ನೀರು ಹಿಡಿದು ನೋಡಬೇಕು. ಅಲ್ಲಿ ಬಣ್ಣ ಬರಲಿಲ್ಲವೆಂದರೆ ಒಡಕು ಸಿಕ್ಕಿ ಸರಿಯಾಗುವವರೆಗೆ ಆ ಬೀದಿಯವರು ನೀರು ಕುದಿಸಿಯೇ ಕುಡಿಯಬೇಕು.