ಆಕೆಯ ನೋವು ಯಾರ ಕಥೆಗೆ? ಮಹಿಳಾ ಸೂಪರ್‌ಹೀರೋ ಪಾತ್ರಗಳ ಕುರಿತ ವಾದದ ಹಿನ್ನೆಲೆ

ಮಹಿಳಾ ಸೂಪರ್‌ಹೀರೋ ಒಬ್ಬಳ ಚಿತ್ರ ತೆರೆಗೆ ಬಂದಾಗಲೆಲ್ಲ ಹಳೆಯ ವಾದವೊಂದು ಮತ್ತೆ ತಲೆ ಎತ್ತುತ್ತದೆ. ನಾಯಕಿ ಹತ್ತು ಜನರನ್ನು ಹೊಡೆದುರುಳಿಸುತ್ತಾಳೆ, ಆಕಾಶದಲ್ಲಿ ಹಾರುತ್ತಾಳೆ, ಇನ್ನೇನು ಬೇಕು ಎಂದು ಒಂದು ಕಡೆಯವರು ಕೇಳುತ್ತಾರೆ; ಪಾತ್ರವನ್ನು ಬರೆದ ಬಗೆಯೇ ಸರಿಯಿಲ್ಲ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಈ ಎರಡು ಮಾತುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಏಕೆಂದರೆ ಸ್ತ್ರೀವಾದಿ ವಿಮರ್ಶಕರು ನಾಯಕಿಯ ಬಲದ ಬಗ್ಗೆ ತಕರಾರು ಎತ್ತಿದ್ದು ಕಡಿಮೆ. ಆಕೆಗೆ ಒದಗುವ ನೋವು, ನಷ್ಟ, ಸಾವುಗಳನ್ನು ಯಾರ ಕಥೆ ಮುಂದೆ ಸಾಗಲೆಂದು ಬರೆಯಲಾಗಿದೆ ಎಂಬುದೇ ಅವರು ಬಿಡದೆ ಕೇಳುತ್ತಾ ಬಂದ ಪ್ರಶ್ನೆ. ಸಿನಿಮಾವನ್ನು ತಲುಪುವ ಮೊದಲು ಆ ಪ್ರಶ್ನೆ ದಶಕಗಳ ಕಾಲ ಕಾಮಿಕ್ಸ್ ಓದುಗರ ನಡುವೆ ಬೆಳೆದಿತ್ತು.

1941ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ ವಂಡರ್ ವುಮನ್ ಪಾತ್ರವನ್ನು ಸೃಷ್ಟಿಸಿದಾಗ, ಹೆಣ್ಣುಮಕ್ಕಳಿಗೆ ಬಲಶಾಲಿಯಾದ ಮಾದರಿಯೊಂದು ಬೇಕೆಂಬ ಉದ್ದೇಶವನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಆದರೆ ಮರುವರ್ಷವೇ, ಬೇರೆಯವರು ಬರೆಯುತ್ತಿದ್ದ ಸೂಪರ್‌ಹೀರೋ ಸಂಘದ ಕಥೆಗಳಲ್ಲಿ ಆಕೆ ಕಾರ್ಯದರ್ಶಿಯಾದಳು. ಗಂಡಸರು ಕಾಳಗಕ್ಕೆ ಹೊರಟಾಗ ಹಿಂದೆ ಉಳಿಯುವುದು ಆಕೆಯ ಪಾಲಿಗೆ ಬಂತು. 1961ರಲ್ಲಿ ಬಂದ ಫೆಂಟಾಸ್ಟಿಕ್ ಫೋರ್ ತಂಡದ ಒಬ್ಬಳೇ ಹೆಣ್ಣಿಗೆ ಮೊದಲು ದೊರೆತ ಶಕ್ತಿ ಕಣ್ಣಿಗೆ ಕಾಣದಂತಾಗುವುದು, ಮತ್ತು ಆಕೆಯ ಹೆಸರಿನಲ್ಲಿದ್ದ ‘ಗರ್ಲ್’ ಎಂಬ ಪದ ‘ವುಮನ್’ ಆಗಲು 1985ರವರೆಗೆ ಕಾಯಬೇಕಾಯಿತು. 1968ರಲ್ಲಿ ವಂಡರ್ ವುಮನ್‌ಳ ಶಕ್ತಿಗಳನ್ನೇ ಕಿತ್ತುಕೊಳ್ಳಲಾಯಿತು. 1972ರಲ್ಲಿ ಸ್ತ್ರೀವಾದಿ ಹೋರಾಟಗಾರ್ತಿ ಗ್ಲೋರಿಯಾ ಸ್ಟೈನಮ್ ಮತ್ತು ಸಂಗಾತಿಗಳ ‘ಮಿಜ್’ ಪತ್ರಿಕೆ ಹಳೆಯ, ಶಕ್ತಿವಂತ ವಂಡರ್ ವುಮನ್‌ಳನ್ನು ತನ್ನ ಮುಖಪುಟದಲ್ಲಿ ನಿಲ್ಲಿಸಿತು. ಮರುವರ್ಷ ಶಕ್ತಿಗಳು ಮರಳಿದವು.

ವಿಮರ್ಶೆ ಇಂದಿನ ರೂಪ ಪಡೆದದ್ದು 1980ರಲ್ಲಿ. ಅವೆಂಜರ್ಸ್ ಎಂಬ ವೀರರ ತಂಡದ ಕಾಮಿಕ್ಸ್‌ನ 200ನೇ ಸಂಚಿಕೆಯಲ್ಲಿ ಮಿಸ್ ಮಾರ್ವೆಲ್, ಅಂದರೆ ಕ್ಯಾರೊಲ್ ಡ್ಯಾನ್ವರ್ಸ್, ತನಗೇ ಕಾರಣ ತಿಳಿಯದೆ ಗರ್ಭಿಣಿಯಾಗುತ್ತಾಳೆ. ಯಂತ್ರಗಳ ನೆರವಿನಿಂದ ಆಕೆಯ ಮನಸ್ಸನ್ನು ಒಲಿಸಿಕೊಂಡವನೇ ಅದಕ್ಕೆ ಕಾರಣನೆಂದು ಕಥೆ ತಾನಾಗಿಯೇ ಹೇಳುತ್ತದೆ, ಹೇಳಿಯೂ ಆಕೆಯನ್ನು ಅವನ ಜೊತೆಗೇ ಕಳುಹಿಸಿಕೊಡುತ್ತದೆ. ಸಹ ವೀರರು ಶುಭ ಹಾರೈಸುತ್ತಾರೆ. ಇದು ಅತ್ಯಾಚಾರವೆಂದು ಕ್ಯಾರೊಲ್ ಸ್ಟ್ರಿಕ್‌ಲ್ಯಾಂಡ್ ಎಂಬ ಓದುಗರು ಅದೇ ವರ್ಷ ಲೇಖನ ಬರೆದರು. ಕಥೆಯನ್ನು ಹೆಣೆದ ಗಂಡಸರಾರಿಗೂ ಅದು ಕಂಡಿರಲಿಲ್ಲವೆಂಬುದೇ ನನಗೆ ಇಂದಿಗೂ ಬಾಧಿಸುವ ಸಂಗತಿ. ಮರುವರ್ಷ ಕ್ರಿಸ್ ಕ್ಲೇರ್‌ಮಾಂಟ್ ಬರೆದ ಕಥೆಯಲ್ಲಿ ಕ್ಯಾರೊಲ್ ಹಿಂದಿರುಗಿ, ನನಗೇನಾಯಿತೆಂದು ನೀವು ಕೇಳಲೇ ಇಲ್ಲವಲ್ಲ ಎಂದು ತನ್ನ ಗೆಳೆಯರನ್ನೇ ತರಾಟೆಗೆ ತೆಗೆದುಕೊಂಡಳು. ಅದನ್ನು ಬರೆದವರೂ ಒಬ್ಬ ಗಂಡಸು ಎಂಬುದನ್ನು ಮರೆಯಬಾರದು.

1988ರಲ್ಲಿ ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್ ಗುಂಡೇಟಿಗೆ ಸಿಲುಕಿ ಕಾಲುಗಳ ಚಲನೆ ಕಳೆದುಕೊಂಡಳು, ಆದರೆ ಕಥೆ ಆಕೆಯ ತಂದೆ ಮತ್ತು ಬ್ಯಾಟ್‌ಮ್ಯಾನ್ ಅದನ್ನು ಹೇಗೆ ತಾಳಿಕೊಂಡರೆಂಬುದರ ಸುತ್ತ ಸುತ್ತಿತು. 1994ರಲ್ಲಿ ಗ್ರೀನ್ ಲ್ಯಾಂಟರ್ನ್‌ನ ಪ್ರೇಯಸಿಯ ಶವವನ್ನು ಫ್ರಿಜ್‌ನಲ್ಲಿ ತುರುಕಲಾಯಿತು. 1999ರಲ್ಲಿ, ಮುಂದೆ ಕಾಮಿಕ್ಸ್ ಲೇಖಕಿಯಾದ ಗೇಲ್ ಸಿಮೋನ್ ಇಂತಹ ಪಾತ್ರಗಳ ಪಟ್ಟಿಯೊಂದನ್ನು ಮಾಡಿ ಅದಕ್ಕೆ ಆ ಫ್ರಿಜ್‌ನ ಹೆಸರನ್ನೇ ಇಟ್ಟರು. ಗಂಡು ವೀರರೂ ಸಾಯುವುದಿಲ್ಲವೇ ಎಂಬ ಮರುಪ್ರಶ್ನೆ ಕೂಡಲೇ ಬಂತು. ಸಾಯುತ್ತಾರೆ, ನಿಜ, ಆದರೆ ತಮ್ಮದೇ ಕಥೆಯ ತುದಿಯಲ್ಲಿ ಸಾಯುತ್ತಾರೆ, ಬಹುಪಾಲು ಹಳೆಯ ವೈಭವದೊಂದಿಗೆ ಮರಳಿಯೂ ಬರುತ್ತಾರೆ.

ಸಿನಿಮಾದಲ್ಲಿ 1984ರ ಸೂಪರ್‌ಗರ್ಲ್, 2004ರ ಕ್ಯಾಟ್‌ವುಮನ್, 2005ರ ಎಲೆಕ್ಟ್ರಾ ಸೋತವು. ಗಂಡು ನಾಯಕನ ಚಿತ್ರ ಸೋತಾಗ ಚಿತ್ರಕಥೆಯನ್ನು ದೂರುವ ಉದ್ಯಮ, ಇಲ್ಲಿ ಮಾತ್ರ ನಾಯಕಿ ಪ್ರಧಾನ ಚಿತ್ರವೇ ಓಡುವುದಿಲ್ಲವೆಂಬ ತೀರ್ಮಾನಕ್ಕೆ ಬಂದಿತು. ಹೀಗಾಗಿ 2010ರಲ್ಲಿ ಗೂಢಚಾರಿಣಿ ಬ್ಲ್ಯಾಕ್ ವಿಡೋ ತೆರೆಗೆ ಬಂದದ್ದು ಐರನ್ ಮ್ಯಾನ್‌ನ ಎರಡನೆಯ ಚಿತ್ರದಲ್ಲಿ, ಇನ್ನೊಬ್ಬರ ಕಥೆಯ ಅತಿಥಿಯಾಗಿ.

ಸ್ಕಾರ್ಲೆಟ್ ಜೋಹಾನ್ಸನ್ ನಟಿಸಿದ ಈ ನತಾಶಾ ರೊಮನಾಫ್‌ಳ ಹನ್ನೊಂದು ವರ್ಷಗಳ ಪಯಣವನ್ನು ಗಮನವಿಟ್ಟು ನೋಡಿದರೆ ಇಡೀ ವಾದ ಕಣ್ಣೆದುರು ತೆರೆದುಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ಆಕೆ ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆ ಬದಲಿಸುತ್ತಾಳೆ, ಚಾಲಕ ಕನ್ನಡಿಯಲ್ಲಿ ಇಣುಕುತ್ತಾನೆ. ಪ್ರೇಕ್ಷಕರಿಗೆ ಕೊಟ್ಟದ್ದು ಅವನ ಕಣ್ಣು. 2012ರ ‘ಅವೆಂಜರ್ಸ್’ ಚಿತ್ರದಲ್ಲಿ ಬರಹ ಜಾಣತನದ್ದು: ಕುರ್ಚಿಗೆ ಕಟ್ಟಿಹಾಕಲ್ಪಟ್ಟ ಆಕೆಯೇ ವಾಸ್ತವವಾಗಿ ವಿಚಾರಣೆ ನಡೆಸುತ್ತಿರುತ್ತಾಳೆ. 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ, ತಾನು ಮಕ್ಕಳನ್ನು ಹೆರಲಾರೆ, ತನ್ನನ್ನು ಕೊಲೆಗಾರ್ತಿಯಾಗಿ ಪಳಗಿಸಿದವರು ಕೊನೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಬಂಜೆಯಾಗಿಸಿದರು ಎಂದು ಆಕೆ, ಸಿಟ್ಟು ಬಂದರೆ ಹಲ್ಕ್ ಎಂಬ ದೈತ್ಯನಾಗುವ ಸಹವೀರ ಬ್ರೂಸ್ ಬ್ಯಾನರ್‌ಗೆ ಹೇಳುತ್ತಾಳೆ. ಅದರ ಬೆನ್ನಿಗೇ, ತಂಡದಲ್ಲಿ ರಾಕ್ಷಸ ನೀನೊಬ್ಬನೇ ಎಂದುಕೊಂಡೆಯಾ ಎಂಬ ಅರ್ಥದ ಮಾತು ಬರುತ್ತದೆ. ಆಕೆ ರಾಕ್ಷಸಿಯೆಂದದ್ದು ಕೊಲೆಗಾರ್ತಿಯಾಗಿದ್ದಕ್ಕೆ ಎಂದು ಸಮರ್ಥಕರು ಹೇಳಿದರು, ಹೆರಲಾಗದ್ದಕ್ಕೆ ಎಂಬಂತೆ ಕೇಳಿಸಿತೆಂದು ವಿಮರ್ಶಕರು ಹೇಳಿದರು. ಇಂತಹ ಸಂಗತಿಯಲ್ಲಿ ಎರಡೂ ಅರ್ಥಕ್ಕೆ ಜಾಗ ಉಳಿದದ್ದೇ ನನ್ನ ಪ್ರಕಾರ ಬರವಣಿಗೆಯ ದೋಷ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಆ ಗಾಯ ಮಾತಾಗಿ ಹೊರಬಂದದ್ದು ಗಂಡಸೊಬ್ಬನ ಕೀಳರಿಮೆಯನ್ನು ಸಮಾಧಾನಪಡಿಸಲು. ಆ ಬಳಿಕ ಆ ಚಿತ್ರ ಅದನ್ನು ಮತ್ತೆ ನೆನೆಯುವುದಿಲ್ಲ.

2018ರ ‘ಇನ್ಫಿನಿಟಿ ವಾರ್’ ಚಿತ್ರದಲ್ಲಿ ವೊರ್ಮಿರ್ ಎಂಬ ಗ್ರಹದಲ್ಲಿ, ಖಳನಾಯಕನಿಗೆ ರತ್ನವೊಂದು ದಕ್ಕಲೆಂದು ಅವನ ಸಾಕುಮಗಳು ಗಮೋರಾಳ ಬಲಿಯಾಯಿತು. ಮರುವರ್ಷದ ಚಿತ್ರದಲ್ಲಿ ಅದೇ ಬಂಡೆಯಿಂದ, ಅದೇ ರತ್ನಕ್ಕಾಗಿ, ನತಾಶಾ ಧುಮುಕಿದಳು. ಅದು ಆಕೆಯದೇ ಆಯ್ಕೆ, ಕುಟುಂಬವೆಂದು ಕಂಡುಕೊಂಡವರಿಗಾಗಿ ಮಾಡಿದ ತ್ಯಾಗ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಐರನ್ ಮ್ಯಾನ್ ಆಗಿದ್ದ ಟೋನಿ ಸ್ಟಾರ್ಕ್‌ನ ಅಂತ್ಯಸಂಸ್ಕಾರಕ್ಕೆ ಎಲ್ಲ ವೀರರೂ ಸಾಲುಗಟ್ಟಿ ನಿಂತ ಅದೇ ಚಿತ್ರದಲ್ಲಿ ಆಕೆಗೆ ಅಂತ್ಯಸಂಸ್ಕಾರದ ದೃಶ್ಯವೇ ಇರಲಿಲ್ಲ.

ಹಾಗಾದರೆ ಹೆಂಗಸರೇ ಬರೆಯಬೇಕೆ ಎಂಬುದು ಈ ವಾದದಲ್ಲಿ ಪದೇಪದೇ ಬರುವ ಪ್ರಶ್ನೆ. ಅದಕ್ಕೆ ಸರಳ ಉತ್ತರವಿಲ್ಲ. 2017ರ ವಂಡರ್ ವುಮನ್ ಚಿತ್ರವನ್ನು ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದರೂ ಚಿತ್ರಕಥೆ ಅಲನ್ ಹೈನ್‌ಬರ್ಗ್ ಅವರದು, ಮತ್ತು ನಾಯಕಿ ತನ್ನ ಕಾರಣಗಳಿಗಾಗಿ ಯುದ್ಧಭೂಮಿಗೆ ಕಾಲಿಟ್ಟಳು. ಜೆಂಕಿನ್ಸ್ ಅವರೇ ಬರಹದಲ್ಲೂ ಪಾಲ್ಗೊಂಡ 2020ರ ಮುಂದುವರಿಕೆಯಲ್ಲಿ, ಸತ್ತ ಪ್ರಿಯಕರ ಅಪರಿಚಿತನೊಬ್ಬನ ದೇಹದಲ್ಲಿ ಮರಳಿದಾಗ ಆ ಅಪರಿಚಿತನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂದು ವಿಮರ್ಶಕರು ಎತ್ತಿ ತೋರಿಸಿದರು. ಬರೆಯುವ ಕೋಣೆಯಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದರೆ ಯಾರಿಗೂ ಕಾಣದೆ ಹೋಗುವ ಸಂಗತಿಗಳು ಕಡಿಮೆಯಾಗುತ್ತವೆಂದು ನಾನು ನಂಬುತ್ತೇನೆ, ಆದರೆ ಹೆಸರು ನೋಡಿ ತೀರ್ಪು ಕೊಡಲಾಗದು.

2021ರಲ್ಲಿ, ಸತ್ತು ಎರಡು ವರ್ಷಗಳಾದ ಮೇಲೆ, ನತಾಶಾಗೆ ಅವಳದೇ ಹೆಸರಿನ ಚಿತ್ರ ದೊರೆಯಿತು. ನಿರ್ದೇಶನ ಕೇಟ್ ಶಾರ್ಟ್‌ಲ್ಯಾಂಡ್, ಕಥೆಯಲ್ಲಿ ಜ್ಯಾಕ್ ಶೇಫರ್ ಅವರ ಪಾಲು, ಚಿತ್ರಕಥೆ ಎರಿಕ್ ಪಿಯರ್ಸನ್. ಅದರಲ್ಲಿ ಸಿಟ್ಟಾಗಿರುವ ತಂಗಿ ಯೆಲೆನಾಳನ್ನು ಸಾಕುತಂದೆ, ಮುಟ್ಟಿನ ದಿನವೇ ಎಂದು ಕೇಳುತ್ತಾನೆ. ತನಗೆ ಗರ್ಭಕೋಶವೇ ಇಲ್ಲವೆಂದು ಆಕೆ ಉತ್ತರಿಸುತ್ತಾಳೆ, ನತಾಶಾ ಪಕ್ಕದಿಂದ ಅಂಡಾಶಯಗಳೂ ಇಲ್ಲವೆಂದು ಸೇರಿಸುತ್ತಾಳೆ. ಒಪ್ಪಿಗೆಯಿಲ್ಲದೆ ಒಳಗಿನದನ್ನೆಲ್ಲ ಹೇಗೆ ಕತ್ತರಿಸಿ ತೆಗೆದರೆಂದು ಯೆಲೆನಾ ಬಿಡಿಬಿಡಿಯಾಗಿ ವಿವರಿಸತೊಡಗುತ್ತಾಳೆ. 2015ರಲ್ಲಿ ಹೇಳಿದ್ದ ಅದೇ ಶಸ್ತ್ರಚಿಕಿತ್ಸೆ ಇದು. ಇಷ್ಟು ವಿವರ ಬೇಡವೆಂದು ಗೋಗರೆಯುವವನು ಈ ಸಲ ಆ ಗಂಡಸು.