ಕಂಪನಿ ಪೇಫೋನ್ ಕಿತ್ಕೊಂಡು ಹೋಗ್ತೀನಿ ಅಂದ್ರೆ ರಾಜ್ಯ ಸರ್ಕಾರ ತಡೆಯಬಹುದಾ?

ಪ್ರಶ್ನೆ: ಅಮೆರಿಕದಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಊರುಗಳು ಇನ್ನೂ ಇವೆ. ಅಂಥ ಕಡೆ ಇರೋ ಒಂದೇ ಒಂದು ಪೇಫೋನನ್ನೂ ಕಂಪನಿ ತೆಗೀತೀನಿ ಅಂದ್ರೆ, ಬೇಡ ಅಂತ ಆರ್ಡರ್ ಮಾಡೋ ಪವರ್ ಆ ರಾಜ್ಯಕ್ಕೆ ಇಲ್ವಾ?

ಉತ್ತರ: ಬರೀ ಆರ್ಡರ್ ಮಾಡೋಕಾಗಲ್ಲ, ದುಡ್ಡು ಕೊಟ್ಟು ಉಳಿಸ್ಕೋಬಹುದು. ಇಷ್ಟೇ ವಿಷ್ಯ, ಆದ್ರೆ ಯಾಕೆ ಹೀಗಾಯ್ತು ಅಂತ ಗೊತ್ತಾಗಬೇಕಂದ್ರೆ 1996ಕ್ಕೆ ಹೋಗ್ಬೇಕು.

ಅದಕ್ಕೂ ಮುಂಚೆ ಲೋಕಲ್ ಕಾಲ್‌ಗೆ ಎಷ್ಟು ಕಾಯಿನ್ ಹಾಕ್ಬೇಕು ಅನ್ನೋದನ್ನ ಆಯಾ ರಾಜ್ಯದ ಯುಟಿಲಿಟಿ ಕಮಿಷನ್ (ಫೋನ್, ಕರೆಂಟ್ ಥರದ ಸೇವೆಗಳ ಮೇಲೆ ಕಣ್ಣಿಡೋ ಸಂಸ್ಥೆ) ನೋಡ್ಕೋತಿತ್ತು, ಸುಮಾರು ಕಡೆ 25 ಸೆಂಟ್ಸ್ ಇತ್ತು, ಮತ್ತೆ ಫೋನ್ ಕಂಪನಿಗೆ ಪೇಫೋನ್‌ನಲ್ಲಿ ಕಲೆಕ್ಷನ್ ಕಮ್ಮಿಯಾದ್ರೂ ಬೇರೆ ಚಾರ್ಜ್‌ಗಳಲ್ಲಿ ಬರೋ ದುಡ್ಡಿಂದ ಅದು ಸರಿದೂಗ್ತಿತ್ತು, ಹಾಗಾಗಿ ಎಲ್ಲೋ ಮೂಲೆಯ ಫೋನ್ ಬಗ್ಗೆ ಯಾರೂ ತಲೆ ಕೆಡಿಸ್ಕೋತಿರ್ಲಿಲ್ಲ. 1996ರ ಟೆಲಿಕಮ್ಯುನಿಕೇಷನ್ಸ್ ಆಕ್ಟ್‌ನ ಸೆಕ್ಷನ್ 276 ಬಂದು ಆ ಸಬ್ಸಿಡಿ ನಿಲ್ಲಿಸ್ತು. ದೇಶದ ಟೆಲಿಕಾಂ ನಿಯಂತ್ರಿಸೋ ಕೇಂದ್ರದ ಸಂಸ್ಥೆ ಎಫ್‌ಸಿಸಿ ರೂಲ್ಸ್ ಮಾಡಿ, ಯಾರು ಬೇಕಾದ್ರೂ ಈ ಬಿಸಿನೆಸ್‌ಗೆ ಬರ್ಲಿ, ಬೇಡ ಅಂದ್ರೆ ಬಿಟ್ಟು ಹೋಗ್ಲಿ, ಇದಕ್ಕೆ ಅಡ್ಡ ಬರೋ ರಾಜ್ಯದ ರೂಲ್ಸ್ ಇದ್ರೆ ತೆಗೆದು ಹಾಕಿ ಅಂತು. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ, 'ಬಿಟ್ಟು ಹೋಗ್ಲಿ' ಅನ್ನೋ ಜಾಗದಲ್ಲಿ. 1997ರ ಅಕ್ಟೋಬರ್‌ನಿಂದ ಕಾಯಿನ್ ರೇಟೂ ಕಂಪನಿಗಳ ಕೈಗೇ ಹೋಯ್ತು, 35 ಆಯ್ತು, ಆಮೇಲೆ 50.

ಹಾಗಂತ ಕಾನೂನು ಮಾಡಿದವರಿಗೆ ಒಂಟಿ ಫೋನ್‌ಗಳ ಕಥೆ ಏನಾಗುತ್ತೆ ಅಂತ ಗೊತ್ತಿರ್ಲಿಲ್ಲ ಅಂತಲ್ಲ. ಅದೇ ಸೆಕ್ಷನ್‌ನಲ್ಲಿ 'ಪಬ್ಲಿಕ್ ಇಂಟರೆಸ್ಟ್ ಪೇಫೋನ್' ಅಂತ ಒಂದು ದಾರಿ ಬಿಟ್ಟಿದ್ದಾರೆ. ಜನರ ಆರೋಗ್ಯ, ಸುರಕ್ಷತೆ ಅಥವಾ ಹಿತಕ್ಕೆ ಆ ಫೋನ್ ಬೇಕಿರ್ಬೇಕು, ಆ ಜಾಗದ ಓನರ್ ಜೊತೆ ಪೇಫೋನ್ ಕಾಂಟ್ರಾಕ್ಟ್ ಆಗ್ಲೇ ಇರ್ಬಾರ್ದು, ಮಾರ್ಕೆಟ್ ಮೇಲೇ ಬಿಟ್ರೆ ಅಲ್ಲಿ ಫೋನ್ ಉಳಿಯಲ್ಲ ಅನ್ನೋ ಹಾಗಿರ್ಬೇಕು. ಇಂಥ ಫೋನ್ ಬೇಕಾ ಬೇಡ್ವಾ, ಬೇಕಂದ್ರೆ ಎಲ್ಲಿ ಅಂತ ಡಿಸೈಡ್ ಮಾಡೋದು ರಾಜ್ಯ. ಆದ್ರೆ ಖರ್ಚನ್ನ ಒಂದೇ ಕಂಪನಿ ತಲೆಗೆ ಕಟ್ಟೋ ಹಾಗಿಲ್ಲ, ಫೋನ್ ನಡೆಸೋನಿಗೆ ನ್ಯಾಯವಾಗಿ ದುಡ್ಡು ಸಿಗ್ಬೇಕು. ಅಂದ್ರೆ ಫಂಡ್ ಬೇಕು, ಅಲ್ಲೇ ಬಹಳ ಕಡೆ ಉತ್ಸಾಹ ಇಳಿದುಹೋಗೋದು!

ಮೇನ್ (Maine) ಅನ್ನೋ ರಾಜ್ಯ ತನ್ನ ಯೂನಿವರ್ಸಲ್ ಸರ್ವಿಸ್ ಫಂಡ್‌ನಿಂದ, ಅಂದ್ರೆ ಎಲ್ಲರಿಗೂ ಫೋನ್ ಸೇವೆ ಸಿಗ್ಲಿ ಅಂತ ಇಟ್ಟಿರೋ ನಿಧಿಯಿಂದ, ಇದಕ್ಕೆ ದುಡ್ಡು ಇಟ್ಟಿತು. ಕ್ಯಾಲಿಫೋರ್ನಿಯಾದಲ್ಲೂ ಒಂದು ಸ್ಕೀಮ್ ಇತ್ತು, ಅಲ್ಲಿ ದುಡ್ಡು ಬರ್ತಿದ್ದಿದ್ದು ಪೇಫೋನ್ ನಡೆಸೋರ ಮೇಲಿನ ಚಾರ್ಜ್‌ನಿಂದ್ಲೇ. ನನ್ನ ಪ್ರಕಾರ ಈ ಐಡಿಯಾದಲ್ಲೇ ತೊಂದ್ರೆ ಇದೆ, ಫೋನ್‌ಗಳು ಕಮ್ಮಿ ಆದಷ್ಟೂ ಉಳಿದ ಫೋನ್ ಕಾಪಾಡೋ ದುಡ್ಡೂ ಕಮ್ಮಿ ಆಗುತ್ತೆ, ಅದೂ ದುಡ್ಡು ಜಾಸ್ತಿ ಬೇಕಾಗೋ ಟೈಮಲ್ಲೇ. 1990ರ ದಶಕದ ಮಧ್ಯದಲ್ಲಿ ದೇಶದಲ್ಲಿ ಸುಮಾರು 26 ಲಕ್ಷ ಪೇಫೋನ್ ಇದ್ವು, 2016ರ ಹೊತ್ತಿಗೆ ಹೆಚ್ಚುಕಮ್ಮಿ 1 ಲಕ್ಷ.

ಇರೋ ಫೋನ್ ಹೇಗಿರ್ಬೇಕು ಅನ್ನೋದ್ರಲ್ಲಿ ಮಾತ್ರ ಸರ್ಕಾರದ ಕೈ ಬಿಗಿಯಾಗೇ ಇದೆ: ತುರ್ತು ನಂಬರ್ 911ಗೆ ಕಾಯಿನ್ ಇಲ್ದೆ ಕಾಲ್ ಹೋಗ್ಲೇಬೇಕು, ರೇಟ್ ಎಷ್ಟು ಅಂತ ಗಿರಾಕಿಗೆ ತಿಳಿಸಿ ಅಂತ ರಾಜ್ಯ ಹೇಳ್ಬಹುದು, ರೂಲ್ ಎಲ್ಲಾ ಕಂಪನಿಗೂ ಒಂದೇ ಥರ ಇದ್ರೆ ಸಾಕು.

ಸಿಟಿಗಳ ಲೆಕ್ಕ ಸ್ವಲ್ಪ ಬೇರೆ. ಫುಟ್‌ಪಾತ್ ಸಿಟಿದೇ ಆಗಿರೋದ್ರಿಂದ ಅಲ್ಲಿ ಏನಿರ್ಬೇಕು ಅಂತ ಫ್ರಾಂಚೈಸ್ (ಅಲ್ಲಿ ಬಿಸಿನೆಸ್ ಮಾಡೋಕೆ ಪರ್ಮಿಷನ್) ಕೊಡೋವಾಗ್ಲೇ ಷರತ್ತು ಹಾಕ್ಬಹುದು, ನ್ಯೂಯಾರ್ಕ್ ಸಿಟಿ ಹಾಗೇ ಮಾಡಿ ಪೇಫೋನ್ ಬದ್ಲು ಫ್ರೀ ವೈಫೈ, ಫ್ರೀ ಕಾಲ್ ಕೊಡೋ ಲಿಂಕ್‌ಎನ್‌ವೈಸಿ ಕಿಯೋಸ್ಕ್ ತಂದು 2022ರ ಮೇ ತಿಂಗಳಲ್ಲಿ ತನ್ನ ಕೊನೇ ಬೀದಿ ಪೇಫೋನ್ ತೆಗೆಸ್ತು.

ಹಾಗಾಗಿ ಊರಿನವರಿಗೆ ಆ ಫೋನ್ ಬೇಕೇಬೇಕು ಅಂದ್ರೆ, ಕಂಪನಿ ಜೊತೆ ಜಗಳ ಆಡೋಕೆ ಮುಂಚೆ ತಮ್ಮ ರಾಜ್ಯದ ಯುಟಿಲಿಟಿ ಕಮಿಷನ್‌ಗೆ ಪಬ್ಲಿಕ್ ಇಂಟರೆಸ್ಟ್ ಪೇಫೋನ್ ಪ್ರೋಗ್ರಾಂ ಇದ್ಯಾ, ಅದಕ್ಕೆ ಫಂಡ್ ಇದ್ಯಾ ಅಂತ ಕೇಳ್ಬೇಕು. ಇಲ್ಲ ಅಂದ್ರೆ ಆ ಜಾಗದ ಓನರ್ ತಿಂಗಳಿಗಿಷ್ಟು ಅಂತ ಕೈಯಿಂದ ಕೊಟ್ಟು ಕಂಪನಿಯನ್ನ ಒಪ್ಪಿಸ್ಬೇಕು, ಕಲೆಕ್ಷನ್ ಕಮ್ಮಿ ಇರೋ ಕಡೆ ಹೀಗೆ ನಡೆಸೋದು ಹೊಸದೇನಲ್ಲ.