ಹಳದಿ ಎಲೆಯ ಮೇಲೆ ಹೊರಿಸಿದ ಉಪ್ಪು

ಅಘನಾಶಿನಿಯ ಅಳಿವೆಯಲ್ಲಿ ದೋಣಿ ಹತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ. ದೋಣಿ ನಡೆಸುತ್ತಿದ್ದವರು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಹಳದಿ ಎಲೆಯೊಂದನ್ನು ತೋರಿಸಿ, "ಗಿಡದ ಉಪ್ಪನ್ನೆಲ್ಲ ಈ ಒಂದು ಎಲೆ ಕುಡಿಯುತ್ತದೆ ಸರ್, ಉಳಿದ ಎಲೆಗಳಿಗಾಗಿ ಸಾಯುತ್ತದೆ" ಎಂದರು. ಗಂಗಾವತಿಯಿಂದ ಹೋಗಿದ್ದ ನಮ್ಮ ಗುಂಪಿನಲ್ಲಿ ಇಬ್ಬರು ಕೈ ಮುಗಿದೇಬಿಟ್ಟರು. ಒಬ್ಬರು ಎಲೆಯನ್ನು ಕಿತ್ತು ಡೈರಿಯಲ್ಲಿಟ್ಟುಕೊಂಡರು.

ಕಥೆ ಚೆಂದ. ಆದರೆ ಅಳೆದು ನೋಡಿದವರಿಗೆ ಹಳದಿ ಎಲೆಯಲ್ಲಿ ಬಲಿತ ಹಸಿರೆಲೆಗಿಂತ ಹೆಚ್ಚು ಸಾಂದ್ರವಾದ ಉಪ್ಪೇನೂ ಸಿಕ್ಕಿಲ್ಲ. ಮುಪ್ಪಾಗಿ ಉದುರುವ ಎಲೆ ಅದು, ನಮ್ಮ ಬೇವಿನ ಎಲೆಯ ಹಾಗೆ. ಎಲೆಗೆ ಕೈ ಮುಗಿದವರು ಬೇರಿನ ಕಡೆ ತಿರುಗಿಯೂ ನೋಡಲಿಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಉಪ್ಪಿನ ಕಾಟ ನಮ್ಮ ಕಡೆಯವರಿಗೆ ಹೊಸದಲ್ಲ. ತುಂಗಭದ್ರೆಯ ಕಾಲುವೆ ಹರಿದ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸವಳು-ಜವಳು ಹೊಲಗಳಲ್ಲಿ ನೀರು ನಿಂತೇ ಇರುತ್ತದೆ, ಪೈರು ಬಾಯಾರಿ ಒಣಗುತ್ತದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ಮುದುಡಿ, ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಹೆಚ್ಚಿದ್ದ ಕಡೆಗೆ ನೀರಿನ ಓಟ. ಸವಳು ಹೊಲದ ಬೇರು ಉಪ್ಪಿನಕಾಯಿಯ ಹೋಳೇ.

ಕಾಂಡ್ಲಾ ನಿಂತಿರುವ ಜಾಡಿ ಇನ್ನೂ ಖಾರ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚನ್ನು ಬೇರು ಹೊರಗೇ ತಡೆಯುತ್ತದೆ. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಮಾಡುವ ಕೆಲಸವೂ ಇದೇ ಜಾತಿಯದು: ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳು ಪೊರೆ. ಆದರೆ ಘಟಕದಲ್ಲಿ ಗುಂಯ್‌ಗುಡುವ ಪಂಪು ನೀರನ್ನು ತಳ್ಳುತ್ತದೆ. ಗಿಡಕ್ಕೆ ಪಂಪು ಎಲ್ಲಿದೆ?

ಗಿಡ ತಳ್ಳುವುದಿಲ್ಲ, ಎಳೆಯುತ್ತದೆ. ಬಿಸಿಲಿಗೆ ಎಲೆಯಿಂದ ನೀರು ಆವಿಯಾದಂತೆ ಕೂದಲಿಗಿಂತ ಸಣ್ಣ ನಾಳಗಳಲ್ಲಿರುವ ನೀರು ಮೇಲಕ್ಕೆ ಜಗ್ಗಲ್ಪಡುತ್ತದೆ. ಸಮುದ್ರದಿಂದ ಸಿಹಿನೀರು ಕಸಿಯಲು ಬೇಕಾದ ಜಗ್ಗು ವಾಯುಮಂಡಲದ ಒತ್ತಡದ ಸುಮಾರು 25 ಪಟ್ಟು, ಅಂದರೆ 250 ಮೀಟರ್ ಎತ್ತರಕ್ಕೆ ನೀರೆತ್ತಿದ ಲೆಕ್ಕ. ತುಂಗಭದ್ರಾ ಅಣೆಕಟ್ಟಿನಂಥ ಐದನ್ನು ಒಂದರ ಮೇಲೊಂದು ಇಟ್ಟು ನೋಡಿ! ಬಾವಿಯ ದಂಡೆಯ ಮೇಲಿಟ್ಟ ಪಂಪು ಮೂವತ್ತಮೂರು ಅಡಿಗಿಂತ ಆಳದ ನೀರನ್ನು ಹೀರಲಾರದು ಎಂದು ಬಲ್ಲ ರೈತರು ಇಲ್ಲಿ ಹುಬ್ಬೇರಿಸುವುದು ಸರಿಯೇ. ಪಂಪು ಗಾಳಿಯ ಒತ್ತಡವನ್ನು ನಂಬಿದೆ. ಗಿಡದ ನಾಳದಲ್ಲಿ ಗುಳ್ಳೆಯಿಲ್ಲ, ನೀರಿನ ಅಣುಗಳು ಒಂದನ್ನೊಂದು ಬಿಗಿಹಿಡಿದು ಹಗ್ಗವಾಗಿವೆ. ಸೇದುವ ಬಾವಿಯ ಹಗ್ಗವೇ ನೀರಿನಿಂದ ಹೊಸೆದದ್ದಾದರೆ ಹೇಗೋ ಹಾಗೆ.

ಈ ಜಗ್ಗನ್ನು ಅಳೆದು 1965ರಲ್ಲಿ ಪ್ರಕಟಿಸಿದವರು ವಿಜ್ಞಾನಿ ಪೆರ್ ಸ್ಕೊಲಾಂಡರ್ ಮತ್ತು ಸಂಗಡಿಗರು. ಕೊಯ್ದ ಟೊಂಗೆಯನ್ನು ಉಕ್ಕಿನ ಡಬ್ಬಿಯಲ್ಲಿ ಬಂಧಿಸಿ, ಕೊಯ್ದ ತುದಿಯಲ್ಲಿ ರಸ ಮತ್ತೆ ಜಿನುಗುವವರೆಗೆ ಒಳಗೆ ಗಾಳಿಯೊತ್ತಡ ಏರಿಸಿದರು. ಬೇರೆ ಜಾತಿಯ ಎತ್ತರದ ಮರಗಳ ಟೊಂಗೆ ಬೇಕಾದಾಗ ಬಂದೂಕಿನಿಂದ ಹೊಡೆಸಿ ಬೀಳಿಸಿದರಂತೆ. ಈ ವಿಷಯಕ್ಕೂ ಉಪ್ಪಿಗೂ ಸಂಬಂಧವಿಲ್ಲ, ಹೇಳದೆ ಇರಲಾಗಲಿಲ್ಲ.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು, ಜೊತೆಗೆ ನಮ್ಮ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಕೆರೆಯೂ. ಇಳಿತದ ಹೊತ್ತಿಗೆ ಕೆಸರಿನಲ್ಲಿ ಹೆಂಗಸರು ಚಿಪ್ಪಿ ಆಯುತ್ತಿದ್ದರು. ದಂಡೆಯಾಚೆ ಗಜನಿ ಗದ್ದೆಗಳು. ಉಪ್ಪು ತಾಳುವ ಕಗ್ಗ ಭತ್ತದ ನೆಲ. "ನಮ್ಮ ಸವಳಿಗೆ ಬಂದೀತೇ?" ಎಂದು ಜೊತೆಗಿದ್ದ ರೈತರೊಬ್ಬರು ಕೇಳಿದರು. ಇಲ್ಲಿ ಮಳೆಗಾಲವೇ ಗದ್ದೆಯ ಉಪ್ಪು ತೊಳೆದುಕೊಡುತ್ತದೆ, ನಮ್ಮಲ್ಲಿ ಬಸಿಗಾಲುವೆ ತೋಡಬೇಕು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಉಪ್ಪನ್ನು ಎಲೆಯಿಂದಲೇ ಹೊರಹಾಕುವ ಇನ್ನೊಂದು ಗಿಡವೂ ಅಲ್ಲಿತ್ತು, ಅವಿಸೆನ್ನಿಯಾ. ಅದರ ಹಸಿರೆಲೆ ನೆಕ್ಕಿ ನೋಡಿ ಎಂದೆ. ಎಲ್ಲರೂ ಮುಖ ಹಿಂಡಿದರು. ಡೈರಿಯೊಳಗಿನ ಹಳದಿ ಎಲೆಯನ್ನು ತೆಗೆದು ನೆಕ್ಕಿದವರು ಮಾತ್ರ ಏನೂ ಹೇಳದೆ ಅದನ್ನು ಮತ್ತೆ ಒಳಗಿಟ್ಟುಕೊಂಡರು.